ತಲಚೇರಿಯ ಕಡವಿನಲ್ಲಿ ಕೇಳಿದ ಮಾತು

ಹುರಿಹಿಟ್ಟು ಕಂಡರೆ ಈಗಲೂ ನಾನು ಅಲ್ಲಿ ಕೂರಲಾರೆ. ಮನೆಯ ಮಕ್ಕಳು ಅದಕ್ಕೆ ಬೆಲ್ಲ, ಹಾಲು ಕಲಸಿ ಮೂತಿಗೆಲ್ಲ ಮೆತ್ತಿಕೊಂಡು ತಿನ್ನುವಾಗ ನಾನು ಏನಾದರೊಂದು ನೆಪ ಹೇಳಿ ಹಿತ್ತಿಲ ಕಡೆ ಎದ್ದುಹೋಗುತ್ತೇನೆ. ನನ್ನ ಹೆಂಡತಿ ಇದನ್ನು ನಲವತ್ತು ದಾಟಿದವರಿಗೆ ಬರುವ ಅಜೀರ್ಣ ಎಂದುಕೊಂಡಿದ್ದಾಳೆ. ಅಜೀರ್ಣವೇನೋ ಹೌದು. ಶುರುವಾಗಿ ಇಪ್ಪತ್ತು ವರ್ಷವಾಯಿತು, ಯಾವ ಕಷಾಯಕ್ಕೂ ಬಗ್ಗಿಲ್ಲ.

ನಮ್ಮ ಸೀಮೆಯಲ್ಲಿ ಮೋಟಾರಿನ ಸದ್ದು ಕೇಳಿದರೆ ಜನ ಹೊಲ ಬಿಟ್ಟು ಓಡಿಬಂದು ನೋಡುತ್ತಿದ್ದ ಕಾಲ ಅದು. ಬೇಸಿಗೆ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣದ ಕಡೆಯ ಎತ್ತಿನ ಗಾಡಿಗಳು ಸಾಲುಗಟ್ಟಿಕೊಂಡು ಕೊಡಗು ದಾಟಿ, ಪೆರುಂಬಾಡಿ ಘಟ್ಟ ಇಳಿದು, ಸಮುದ್ರದ ದಂಡೆಯ ತಲಚೇರಿಗೆ ಹೋಗುತ್ತಿದ್ದವು. ಹೋಗುವಾಗ ಹುರುಳಿ, ಮೆಣಸಿನಕಾಯಿ, ಎಡತೊರೆ ಕಡೆಯ ಬೆಲ್ಲ. ಬರುವಾಗ ಉಪ್ಪು, ಒಣಮೀನು, ಕೊಬ್ಬರಿ. ಯುಗಾದಿ ಕಳೆದು ಹೊರಟರೆ ಮುಂಗಾರು ಹಿಡಿಯುವುದರೊಳಗೆ ಎರಡು ಸಲ ಹೋಗಿಬರಬಹುದಾಗಿತ್ತು.

ನಾನು ಗಾಡಿ ಹೊಡೆಯುವವನಲ್ಲ. ರಾವಂದೂರಿನ ಹತ್ತಿರದ ನಮ್ಮ ಹಳ್ಳಿಯಿಂದ ಪಿರಿಯಾಪಟ್ಟಣಕ್ಕೆ ನಡೆದು ಲೋಯರ್ ಸೆಕೆಂಡರಿ ಮುಗಿಸಿದವನು ನಾನೊಬ್ಬನೇ. ಹುಣಸೂರಿನಲ್ಲಿ ಹೊಲಿಸಿದ ಒಂದು ಕರಿ ಕೋಟಿತ್ತು. ಸುಡು ಬಿಸಿಲಿನಲ್ಲೂ ಅದನ್ನು ಬಿಚ್ಚುತ್ತಿರಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ನನಗೆ ತಿಳಿಯದ್ದು ಲೋಕದಲ್ಲಿ ಬಹಳವೇನೂ ಉಳಿದಿಲ್ಲ ಎಂಬುದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನನ್ನ ಅಭಿಪ್ರಾಯ.

ನಮ್ಮ ಅವ್ವ ನಾನು ಎಳೆಯವನಾಗಿದ್ದಾಗಲೇ ತೀರಿಕೊಂಡಳು. ನನ್ನನ್ನು ಸಾಕಿದ್ದು ಅಕ್ಕ. ನನಗಿಂತ ಆರೇ ವರ್ಷ ದೊಡ್ಡವಳು, ಆದರೂ ನನ್ನನ್ನು ಮಗ ಎಂದೇ ಕರೆಯುತ್ತಿದ್ದಳು. ಅವಳ ಗಂಡ, ನನ್ನ ಭಾವ, ಗಾಡಿ ಸಾಲಿನಲ್ಲಿ ಹೋಗಿಬರುತ್ತಿದ್ದವನು. ನಾನು ಹೇಳುತ್ತಿರುವ ಬೇಸಿಗೆಗೆ ಮೂರು ವರ್ಷ ಮುಂಚೆ ಘಟ್ಟದ ಇಳಿಜಾರಿನಲ್ಲಿ ಅವನ ಬಲಗೋಲಿನ ಎತ್ತು ಮುಗ್ಗರಿಸಿ ಬಿದ್ದು ಸತ್ತಿತು. ಸಾಲಿನ ಮುಂದಾಳು, ಎಲ್ಲರೂ ದೊಡ್ಡಯ್ಯ ಎನ್ನುತ್ತಿದ್ದ ಮುದುಕ, ಹತ್ತು ಜನರೆದುರು ಇವನ ಮೇಲೆ ಹರಿಹಾಯ್ದ. ನೀನು ಹೊಡೆದ ರೀತಿಗೇ ಎತ್ತು ಸತ್ತಿತು ಎಂದ. ಭಾವನಿಗೆ ಆ ಮಾತು ನಾಟಿತು. ಜೋಡಿ ಎತ್ತು ಮಾಡಿಕೊಂಡೇ ಊರಿಗೆ ಬರುತ್ತೇನೆ ಎಂದು ಹೇಳಿಕಳಿಸಿ ತಲಚೇರಿಯಲ್ಲೇ ಮೂಟೆ ಹೊರಲು ನಿಂತ. ಮೊದಲ ವರ್ಷ ಯಾರೋ ಕೊಡಗಿನವನ ಕೈಲಿ ಒಂದು ಸುದ್ದಿ ಬಂತು. ದೋಣಿಯಲ್ಲಿ ಹೊಳೆ ದಾಟಿಸುವ ಕಡವಿನ ಹತ್ತಿರ ಇದ್ದಾನೆ, ಚೆನ್ನಾಗಿದ್ದಾನೆ ಎಂದು. ಆಮೇಲೆ ಏನೂ ಇಲ್ಲ. ದೊಡ್ಡಯ್ಯನ ಸಾಲಿನವರು ಅವನ ಹೆಸರೆತ್ತುತ್ತಿರಲಿಲ್ಲ, ಅವನೂ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ.

ಅಕ್ಕ ನಮ್ಮ ಮನೆಗೇ ಬಂದು ಇದ್ದಳು. ಅಪ್ಪನಿಗೆ ವಯಸ್ಸಾಗಿತ್ತು. ತಾನು ಹೋದಮೇಲೆ ಮಗಳ ಗತಿಯೇನು ಎಂಬ ಚಿಂತೆ ಹತ್ತಿ, ಊರ ಹಿರಿಯರ ಹತ್ತಿರ ಮಾತಾಡಿದ. ಈ ಬೇಸಿಗೆಯೊಳಗೆ ಅಳಿಯನ ಸುದ್ದಿ ಬಾರದಿದ್ದರೆ ಸರಗೂರಿನ ಕಡೆಯ, ಹೆಂಡತಿ ಸತ್ತ ಒಬ್ಬ ರೈತನಿಗೆ ಕೂಡಾವಳಿ ಮಾಡಿಕೊಡುವುದೆಂದು ತೀರ್ಮಾನವಾಯಿತು. ಕೂಡಾವಳಿ ಎಂದರೆ ಓಲಗ, ಚಪ್ಪರ ಇಲ್ಲದೆ ಹಿರಿಯರ ಎದುರಿಗೆ ಒಂದು ಸೀರೆ ಕೊಡಿಸಿ ಹೆಣ್ಣನ್ನು ಎರಡನೆಯ ಮನೆ ಸೇರಿಸುವುದು. ಅಕ್ಕ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಆ ವಾರ ಹುರಿಹಿಟ್ಟಿಗೆಂದು ರಾಗಿ ಆರಿಸಿದಳು.

ಅವಳ ಹುರಿಹಿಟ್ಟಿನ ಹದವೇ ಬೇರೆ. ಬೇರೆಯವರು ರಾಗಿಗೆ ಬರೀ ನೀರು ಚಿಮುಕಿಸಿ ಹುರಿದು ಅರಳು ಮಾಡಿ ಬೀಸುತ್ತಾರೆ. ಅಕ್ಕ ಹುಳಿ ಮಜ್ಜಿಗೆ ಚಿಮುಕಿಸುತ್ತಿದ್ದಳು. ಹಿಟ್ಟಿಗೆ ಸಣ್ಣಗೆ ಒಂದು ಹುಳಿ ಇರುತ್ತಿತ್ತು, ನಾಲಿಗೆಗೆ ಕೊನೆಯಲ್ಲಿ ಗೊತ್ತಾಗುವಷ್ಟು. ಭಾವನಿಗೆ ಅದೆಂದರೆ ಪ್ರಾಣ.

ಗಾಡಿಗಳು ಹೊರಡುವ ಬೆಳಿಗ್ಗೆ ತನ್ನ ಹಳೆಯ ಸೀರೆಯ ಸೆರಗಿನ ತುಂಡಿನಲ್ಲಿ ಕಟ್ಟಿದ ಗಂಟನ್ನು ನನ್ನ ಕೈಗಿಟ್ಟಳು.

"ಅವ್ರು ಸತ್ತವ್ರೋ ಬದುಕವ್ರೋ ಅಷ್ಟ ತಿಳ್ಕಂಡು ಬಾ ಮಗ. ಬದುಕಿದ್ರೆ ಇದ್ನ ಕೊಡು. ಬಾಯ್ಗಾಕ್ಕಂಡೇಟ್ಗೆ ಯಾರ್ದು ಅಂತ ಗೊತ್ತಾಯ್ತದೆ. ಎತ್ತೂ ಬ್ಯಾಡ, ಏನೂ ಬ್ಯಾಡ, ಬರೀ ಕೈಲೇ ಬರ್ಲಿ ಅನ್ನು."

"ಕರ್ಕಂಡೇ ಬತ್ತೀನಿ ಬುಡಕ್ಕ," ಎಂದೆ. ಅಷ್ಟು ಸಲೀಸಾಗಿ ಎಂದೆ. ಸಮುದ್ರ ನೋಡುವ ಆಸೆಯಲ್ಲಿ ಆ ಹೊತ್ತಿಗೆ ನಾನು ಏನು ಕೇಳಿದರೂ ಹೂಂ ಎನ್ನುತ್ತಿದ್ದೆ.

ದೊಡ್ಡಯ್ಯನಿಗೆ ನಾನು ಹೋಗುವ ಕಾರಣ ಹೇಳಲಿಲ್ಲ. ಸಮುದ್ರ ನೋಡಬೇಕು ಎಂದೆ. ಬೆಲ್ಲದ ಮೂಟೆಗಳ ಮೇಲೆ ಕುಳಿತು ಆನೆಚೌಕೂರಿನ ಕಾಡು, ತಿತಿಮತಿ, ವಿರಾಜಪೇಟೆ ಎಲ್ಲ ದಾಟಿದೆ. ಘಟ್ಟ ಇಳಿದಮೇಲೆ ಎದುರಾದವರ ಮಾತು ಬದಲಾಯಿತು. ನಾನು ಕಿವಿಗೊಟ್ಟು ಕೇಳಿದೆ. ಉಪ್ಪಿಗೆ ಉಪ್ಪು, ಮೀನಿಗೆ ಮೀನು, ನಾಳೆಗೆ ನಾಳೆ, ಬಾ ಎನ್ನುವುದಕ್ಕೆ ವಾ. ಇದೇನು ಮಹಾ, ಕನ್ನಡವನ್ನೇ ಮೂಗಿನಲ್ಲಿ ಆಡುತ್ತಾರೆ ಅಷ್ಟೇ ಎಂದು ಗಾಡಿಯವರೆದುರು ಜಂಭ ಕೊಚ್ಚಿಕೊಂಡೆ. ದೊಡ್ಡಯ್ಯ ಮಾತ್ರ ಎಲೆಯಡಿಕೆ ಅಗಿಯುತ್ತ, "ಮೂವತ್ತೊರ್ಸದಿಂದ ಬತ್ತಾ ಇವ್ನಿ ಕಣ್ಲಾ, ನಂಗೇ ಅರ್ಧ ತಿಳೀದು," ಎಂದ. ಓದದವನ ಪಾಡು ಎಂದುಕೊಂಡೆ ನಾನು.

ತಲಚೇರಿ ಮುಟ್ಟಿದಾಗ ಆಗತಾನೇ ಬಿಸಿಲೇರುತ್ತಿತ್ತು. ಮಂಡಿಯ ಅಂಗಳದಲ್ಲಿ ಸರಕು ಇಳಿಸಿದರು. ಎತ್ತುಗಳನ್ನು ಮಾವಿನ ಮರದ ನೆರಳಿಗೆ ಕಟ್ಟಿದರು. "ಇವತ್ತೊಂದಿನ ಎತ್ತಿಗೆ ಬಿಡುವು. ಮದ್ಯಾನದ ಮ್ಯಾಲೆ ಉಪ್ಪು ತುಂಬೋದು. ಒತ್ತು ಮುಳುಗೋಕ್ಮುಂಚೆ ನೊಗ ಊಡೋದೇ. ಅಷ್ಟ್ರಲ್ಲಿ ಬಾ, ಇಲ್ದಿದ್ರೆ ನಡ್ಕಂಡು ಬಾ," ಎಂದ ದೊಡ್ಡಯ್ಯ. ಇಡೀ ಒಂದು ಹಗಲು ನನ್ನ ಕೈಯಲ್ಲಿತ್ತು. ಕಡವು ಊರಿನ ಬಡಗಲಿಗೆ ಒಂದು ಹರದಾರಿಯೂ ಇಲ್ಲವೆಂದು ಮಂಡಿಯಲ್ಲೇ ಕೇಳಿ ತಿಳಿದುಕೊಂಡೆ. ಮೊದಲು ಅಕ್ಕನ ಕೆಲಸ, ಆಮೇಲೆ ಊರು ಎಂದು ಮನಸ್ಸಿನಲ್ಲಿ ಅಂದುಕೊಂಡೇ ಕಾಲು ಸಮುದ್ರದ ಕಡೆ ತಿರುಗಿತು. ಒಂದು ಸಲ ನೋಡಿಬಿಟ್ಟು ಹೋದರಾಯಿತು, ಅವನೇನು ಓಡಿಹೋಗುತ್ತಾನೆಯೇ ಎಂದುಕೊಂಡೆ.

ಬೀದಿಯ ಎರಡೂ ಕಡೆ ಕೆಂಪು ಕಲ್ಲಿನ ಗೋಡೆಗಳು. ಉಗ್ರಾಣಗಳ ಬಾಗಿಲಿನಿಂದ ಕರಿಮೆಣಸಿನ ಘಾಟು, ಕೊಬ್ಬರಿಯ ಕಮಟು, ಅದರ ಜೊತೆಗೇ ಮೀನು. ಗಂಡಸರು ಹೆಂಗಸರು ಎಲ್ಲರೂ ಬಿಳಿ ಬಟ್ಟೆ, ತಲೆಯ ಮೇಲೆ ಓಲೆಯ ಕೊಡೆ. ಒಂದು ಅಂಗಡಿಯಲ್ಲಿ ಒಲೆಯಿಂದ ಈಗತಾನೆ ತೆಗೆದ ಬಿಸ್ಕತ್ತುಗಳನ್ನು ತಗಡಿನ ಮೇಲೆ ಹರಡಿದ್ದರು. ನಾಲ್ಕು ಕೊಂಡು ಕೋಟಿನ ಜೇಬಿಗೆ ಹಾಕಿಕೊಂಡೆ. ಬಿಸಿಲು ನಮ್ಮ ಕಡೆಯ ಬಿಸಿಲಲ್ಲ. ನೆರಳಲ್ಲಿ ನಿಂತರೂ ಬೆವರು ಧಾರಾಕಾರ. ಕೋಟು ಬೆನ್ನಿಗಂಟಿ ಕೂತಿತ್ತು, ಆದರೆ ಬಿಚ್ಚಿದರೆ ಮರ್ಯಾದೆ ಏನಾದೀತು?

ಬೀದಿ ಮುಗಿದದ್ದೇ ಸಮುದ್ರ. ಅಷ್ಟು ನೀರು ಒಟ್ಟಿಗೆ ಇರುತ್ತದೆಂದು ಪುಸ್ತಕದಲ್ಲಿ ಓದಿದ್ದೆ, ಆದರೂ ನನಗೆ ಗಾಬರಿಯಾಯಿತು. ನಮ್ಮೂರ ಕೆರೆಗೆ ಆಚೆ ಏರಿ ಇದೆ. ಇದಕ್ಕೆ ಇಲ್ಲ. ದೂರದಲ್ಲಿ ಒಂದು ಹಡಗು ನಿಂತಿತ್ತು. ದಡಕ್ಕೆ ಬರುವಷ್ಟು ಆಳವಿಲ್ಲವಂತೆ, ದೋಣಿಗಳು ಮೂಟೆ ಹೇರಿಕೊಂಡು ಹೋಗಿ ಅದಕ್ಕೆ ಉಣಿಸಿ ಬರುತ್ತಿದ್ದವು. ಮೂಟೆ ಹೊರುವ ಆಳುಗಳು ಸಾಲಾಗಿ ನೀರಿಗಿಳಿಯುತ್ತಿದ್ದರು. ಆ ಸಾಲಿನಲ್ಲಿ ಭಾವ ಇರಬಹುದು ಎಂಬ ಯೋಚನೆ ಬಂತು. ಹತ್ತಿರ ಹೋಗಿ ಒಬ್ಬೊಬ್ಬರ ಮುಖ ನೋಡಬಹುದಿತ್ತು. ದೂರದಿಂದಲೇ ಕಣ್ಣಾಡಿಸಿ, ಇಲ್ಲ ಎಂದು ತೀರ್ಮಾನಿಸಿ, ಪಂಚೆ ಎತ್ತಿಕಟ್ಟಿ ಅಲೆಗೆ ಕಾಲು ಕೊಟ್ಟೆ. ಅಂಗಾಲಿನಡಿಯ ಮರಳನ್ನು ನೀರು ಎಳೆದುಕೊಂಡು ಹೋಗುವಾಗ ಕಚಗುಳಿಯಾಗಿ ಒಬ್ಬನೇ ನಕ್ಕೆ.

ಹೊಟ್ಟೆ ಹಸಿದಾಗ ಒಂದು ಗಂಜಿ ಅಂಗಡಿ ಹೊಕ್ಕೆ. ಅಂಗಡಿಯ ಹೆಂಗಸು ಗಂಜಿ ಬಡಿಸಿ, ಸೌಟು ಹಿಡಿದು ನಿಂತು, "ಮತಿಯೋ?" ಎಂದಳು. ನನಗೆ ಚುರುಕ್ಕೆಂದಿತು. ಮತಿ ಇದೆಯೋ ಇಲ್ಲವೋ ಎಂದು ಈ ಗಂಜಿ ಬಡಿಸುವವಳು ನನ್ನನ್ನು ಕೇಳುವುದೇ? "ನಿಂಗಿಂತ ಜಾಸ್ತಿನೇ ಅದೆ ಕಣಮ್ಮ," ಎಂದು ಕಣ್ಣು ಕೆಂಪಗೆ ಮಾಡಿದೆ. ಜಾಸ್ತಿ ಎಂಬುದು ಮಾತ್ರ ಅವಳಿಗೆ ತಿಳಿಯಿತೆಂದು ಕಾಣುತ್ತದೆ. ಇನ್ನೆರಡು ಸೌಟು ಸುರಿದಳು. ಮತ್ತೆ "ಮತಿಯೋ?" ನಾನು ಎದ್ದುನಿಂತೆ. ಪಕ್ಕದಲ್ಲಿ ಉಣ್ಣುತ್ತಿದ್ದವನು ತನ್ನ ಬಟ್ಟಲಿನ ಮೇಲೆ ಅಂಗೈ ಅಡ್ಡ ಹಿಡಿದು ತೋರಿಸಿದ. ಮತಿ ಎಂದರೆ ಅವರಲ್ಲಿ ಸಾಕು ಎಂದರ್ಥ. ಅಂಗಡಿಯವರೆಲ್ಲ ನಕ್ಕರು. ನಾನು ತಲೆ ತಗ್ಗಿಸಿಕೊಂಡು ಅಷ್ಟೂ ಗಂಜಿ ಕುಡಿದೆ. ಒಂದೇ ಸದ್ದಿನ ಮಾತು ಘಟ್ಟದ ಕೆಳಗೆ ಬೇರೆಯೇ ಆದೀತು ಎಂಬ ಬುದ್ಧಿ ಅಲ್ಲಿಯೇ ಬರಬೇಕಿತ್ತು. ಬರಲಿಲ್ಲ. ಅವಮಾನ ಮಾತ್ರ ನೆನಪಿನಲ್ಲಿ ಉಳಿಯಿತು.

ಮತ್ತೆ ಸಮುದ್ರದ ಹತ್ತಿರವೇ ಬಂದು ಒಂದು ಮಗುಚಿಟ್ಟ ದೋಣಿಯ ನೆರಳಿನಲ್ಲಿ ಕುಳಿತೆ. ಗಾಳಿ ಹಿತವಾಗಿತ್ತು. ಮಡಿಲಲ್ಲಿ ಅಕ್ಕನ ಗಂಟಿತ್ತು. ಹಿಟ್ಟು ಕೆಟ್ಟಿದೆಯೋ ಏನೋ ನೋಡೋಣ ಎಂದು ಬಿಚ್ಚಿದೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಕೆಟ್ಟಿರಲಿಲ್ಲ. ಇನ್ನೊಂದು ಚಿಟಿಕೆ. ಆಮೇಲೆ ಹಿಡಿ. ಆರು ದಿನದಿಂದ ಗಾಡಿಯವರ ಸೀದ ಮುದ್ದೆ ತಿಂದ ನಾಲಿಗೆಗೆ ಅಕ್ಕನ ಕೈರುಚಿ ಸಿಕ್ಕಿತ್ತು. ಅರ್ಧ ಉಳಿದಾಗ ನಿಲ್ಲಿಸಿದೆ. ಅರ್ಧ ಗಂಟು ಕೊಟ್ಟರೆ ಏನು ಚೆನ್ನ ಎಂದು ಅನಿಸಿತು. ನಗಬೇಡಿ, ಆಗ ನನಗೆ ಅದು ನಿಜವಾಗಿಯೂ ನ್ಯಾಯದ ಮಾತಾಗಿ ಕಂಡಿತು. ಪೂರ್ತಿ ತಿಂದೆ. ಖಾಲಿ ಬಟ್ಟೆಯನ್ನು ಏನು ಮಾಡುವುದೆಂದು ತೋಚದೆ ಅಲೆಗೆ ಬಿಟ್ಟೆ. ಅದು ಎರಡು ಸಲ ದಡಕ್ಕೇ ವಾಪಸು ಬಂತು. ಮೂರನೆಯ ಸಲ ದೂರ ಎಸೆದು ತಿರುಗಿ ನೋಡದೆ ಬಂದೆ.

ಕಡವಿಗೆ ಹೋದಾಗ ಬಿಸಿಲು ಹಳದಿಗೆ ತಿರುಗಿತ್ತು. ಹೊಳೆ ಅಲ್ಲಿ ಸಮುದ್ರ ಸೇರುವ ಮುಂಚೆ ಅಗಲವಾಗಿ, ನಿಧಾನವಾಗಿ ಹರಿಯುತ್ತಿತ್ತು. ಆಚೆ ದಡದಲ್ಲಿ ತೆಂಗಿನ ಮರಗಳು, ಒಂದು ಸೋಗೆಯ ಗುಡಿಸಲು, ಅದರ ಮುಂದೆ ಯಾರೋ ಒಬ್ಬ ಹೆಂಗಸು ಕುಳಿತು ಪಾತ್ರೆ ಬೆಳಗುತ್ತಿದ್ದಳು. ಈಚೆ ದಡದಲ್ಲಿ ದೋಣಿಯ ಮುದುಕ ಜಲ್ಲೆ ಊರಿಕೊಂಡು ನಿಂತಿದ್ದ.

"ಪಿರಿಯಾಪಟ್ಣದೋನು. ಗಾಡಿಯೋನು. ಎಡಗಿವೀಲಿ ಕಡಕು ಆಕ್ಕಂಡವ್ನೆ. ಗೊತ್ತಾ?" ಎಂದು ಕಿವಿ ಮುಟ್ಟಿ ತೋರಿಸಿದೆ.

ಪಿರಿಯಾಪಟ್ಟಣ ಎಂದದ್ದೇ ಮುದುಕನ ಮುಖ ಅರಳಿತು. ಬೊಚ್ಚು ಬಾಯಿ ತುಂಬ ನಗುತ್ತ, ಗದ್ದವನ್ನು ಆಚೆ ದಡದ ಕಡೆ ಎತ್ತಿ ತೋರಿಸಿ, "ಅಕ್ಕರೆ ಉಂಡ್! ಅವನ್ ಅಕ್ಕರೆ ಉಂಡ್!" ಎಂದ.

ನಾನು ಅವನ ಗದ್ದ ಹೋದತ್ತ ನೋಡಿದೆ. ಅಲ್ಲಿದ್ದವಳು ಆ ಹೆಂಗಸು.

ಅಕ್ಕರೆ ಉಂಟು. ಇದಕ್ಕಿಂತ ಸ್ವಚ್ಛವಾದ ಕನ್ನಡ ಬೇಕೇ? ಕೋಪ ನೆತ್ತಿಗೇರಿತು. ನನ್ನ ಅಕ್ಕ ಅಲ್ಲಿ ಮಜ್ಜಿಗೆ ಚಿಮುಕಿಸಿ ರಾಗಿ ಹುರಿಯುತ್ತಾ ಕೂತಿದ್ದಾಳೆ, ಈ ಪುಣ್ಯಾತ್ಮನಿಗೆ ಇಲ್ಲಿ ಅಕ್ಕರೆ! "ಅವ್ಳ ಮೇಲಾ?" ಎಂದು ಬೆರಳು ಮಾಡಿ ಕೇಳಿದೆ. ಮುದುಕ ಜೋರಾಗಿ ತಲೆಯಾಡಿಸಿದ. "ವಾ, ವಾ," ಎಂದು ನನ್ನ ಕೋಟಿನ ತೋಳು ಹಿಡಿದು ದೋಣಿಯ ಕಡೆ ಎಳೆದ. ನಾನು ಕೈ ಕೊಡವಿದೆ.

ಈಗ ಪ್ರಾಮಾಣಿಕವಾಗಿ ಬರೆಯಬೇಕು. ನನಗೆ ಕೋಪ ಬಂದದ್ದು ನಿಜ. ಆದರೆ ಕೋಪದ ಅಡಿಯಲ್ಲಿ ಒಂದು ನೆಮ್ಮದಿಯೂ ಇತ್ತು. ಹೊತ್ತು ಇಳಿಯುತ್ತಿತ್ತು, ದಾಟಿ ಹೋದರೆ ಗಾಡಿ ತಪ್ಪಬಹುದಿತ್ತು, ಕೈಯಲ್ಲಿ ಗಂಟಿರಲಿಲ್ಲ. ಅವನು ಕೆಟ್ಟವನಾದರೆ ಇದೆಲ್ಲಕ್ಕೂ ನಾನು ಉತ್ತರ ಕೊಡಬೇಕಾಗಿರಲಿಲ್ಲ. ಆ ಮಾತು ನನಗೆ ಬೇಕಾಗಿತ್ತು, ಅದಕ್ಕೇ ಎರಡನೆಯ ಸಲ ಕೇಳಲಿಲ್ಲ.

ತಿರುಗಿ ನಡೆದೆ. ಬೆನ್ನ ಹಿಂದೆ ಹೊಳೆಯ ಕಡೆಯಿಂದ ಯಾರೋ ಕೂಗಿದ್ದು ಗಾಳಿಯಲ್ಲಿ ಚೂರುಚೂರಾಗಿ ಕೇಳಿಸಿತು. ದೋಣಿಯವರು ಒಬ್ಬರನ್ನೊಬ್ಬರು ಕರೆಯುತ್ತಾರೆ ಎಂದುಕೊಂಡು ನಿಲ್ಲಲಿಲ್ಲ.

ಊರಿಗೆ ಬಂದಾಗ ಅಕ್ಕ ಹೊಸ್ತಿಲಲ್ಲೇ ನಿಂತಿದ್ದಳು. "ಬದುಕವ್ರಾ?" ಎಂದಳು.

"ಬದುಕವ್ರೆ. ಚೆನ್ನಾಗವ್ರೆ. ಅಲ್ಲೊಬ್ಳ ಮ್ಯಾಲೆ ಅಕ್ಕರೆಯಂತೆ."

ಅವಳು ಗೋಡೆ ಹಿಡಿದುಕೊಂಡಳು. ಕೇಳಿದ್ದು ಒಂದೇ. "ಉರಿಟ್ಟು ಕೊಟ್ಯಾ?"

"ಕಡವಿನೋನ ಕೈಲಿ ಕೊಟ್ಟು ಬಂದೆ. ಅವ್ರ ಮಕ ನೋಡೋಕೆ ಮನಸಾಗ್ಲಿಲ್ಲ."

"ಅದೂ ಸರಿ ಬುಡು," ಎಂದು ಒಳಗೆ ಹೋಗಿ ನನಗೆ ಕಾಲು ತೊಳೆಯಲು ನೀರು ತಂದಳು.

ಹಿರಿಯರೆದುರು ಅದೇ ಸುದ್ದಿಯನ್ನು ಇನ್ನಷ್ಟು ಬಣ್ಣ ಕಟ್ಟಿ ಕಣ್ಣಾರೆ ಕಂಡವನಂತೆ ಹೇಳಿದೆ. ಅಪ್ಪ ನಿಟ್ಟುಸಿರು ಬಿಟ್ಟ. ಶ್ರಾವಣದಲ್ಲಿ ಕೂಡಾವಳಿ ಆಯಿತು. ಸರಗೂರಿನ ಗಾಡಿಯಲ್ಲಿ ಕೂರುವ ಮುಂಚೆ ಅಕ್ಕ ನನ್ನ ತಲೆ ಸವರಿ, ನೀನಿಲ್ಲದಿದ್ದರೆ ಸಾಯುವ ತನಕ ಕಾಯುತ್ತಿದ್ದೆ ಎಂದಳು. ಉಪಕಾರ ಸ್ಮರಿಸುವ ದನಿಯಲ್ಲೇ ಎಂದಳು. ನನಗೆ ಹೆಮ್ಮೆಯೇ ಆಯಿತು.

ಎರಡು ವರ್ಷದ ಮೇಲೆ ಮತ್ತೆ ಸಾಲಿನ ಜೊತೆ ಹೊರಟೆ. ಈ ಸಲ ನಮ್ಮದೇ ಹುರುಳಿ ಮಾರುವುದಿತ್ತು. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು. ಹೆಂಡತಿ ದಾರಿಗೆಂದು ಹುರಿಹಿಟ್ಟು ಕಟ್ಟಿಕೊಟ್ಟಿದ್ದಳು. ಘಟ್ಟದ ಬುಡದಲ್ಲಿ ಒಂದು ತೊರೆ ದಾಟುವಾಗ ನಮ್ಮ ಕೊನೆಯ ಗಾಡಿ ಹಿಂದೆಯೇ ಉಳಿಯಿತು. ದಾರಿಬದಿಯ ಮಲಯಾಳಿ ಗಾಡಿಯವನೊಬ್ಬ ನಮ್ಮನ್ನು ಕೂಗಿ ಹೇಳಿದ: "ವಂಡಿ ಅಕ್ಕರೆ ಉಂಡ್!"

ನನಗೆ ನಗು ಬಂತು. "ಗಾಡಿಗೂ ಅಕ್ಕರೆ ಇರ್ತದಾ ದೊಡ್ಡಯ್ಯ?" ಎಂದೆ.

ದೊಡ್ಡಯ್ಯ ಎಲೆಯಡಿಕೆ ಉಗಿದ. "ಅಕ್ಕರೆ ಅಂದ್ರೆ ಆಚೆ ದಡ ಕಣ್ಲಾ. ಇಕ್ಕರೆ ಅಂದ್ರೆ ಈಚೆ ದಡ. ಗಾಡಿ ಆಚೆ ದಡದಲ್ಲೇ ಅದೆ ಅಂತ ಅಂದ. ಅಷ್ಟೂ ತಿಳೀದಾ ಓದಿದೋನ್ಗೆ?"

ಗಾಡಿಯವರು ನಕ್ಕರು. ನಾನು ತೊರೆಯ ನಡುವೆ ಮೊಣಕಾಲುದ್ದ ನೀರಿನಲ್ಲಿ ನಿಂತೇ ಇದ್ದೆ. ಅವನು ಆಚೆ ದಡದಲ್ಲಿದ್ದಾನೆ. ಮುದುಕ ಹೇಳಿದ್ದು ಇಷ್ಟೇ. ಬಾ, ದಾಟಿಸುತ್ತೇನೆ ಎಂದು ತೋಳು ಹಿಡಿದು ಎಳೆದಿದ್ದ. ಕೋಟು ಬಿಚ್ಚಿ ಮೂಟೆಯ ಸಂದಿಗೆ ತುರುಕಿದೆ.

ಈ ಸಲ ಸಮುದ್ರ ನೋಡಲಿಲ್ಲ. ಗಾಡಿ ನಿಂತದ್ದೇ ಕಡವಿಗೆ ಓಡಿದೆ. ಅದೇ ಮುದುಕ, ಅದೇ ದೋಣಿ. ದಾಟಲು ಒಂದು ಬೀಡಿ ಸೇದುವಷ್ಟು ಹೊತ್ತು ಹಿಡಿಯಿತು.

ಸೋಗೆಯ ಗುಡಿಸಲು ಒಂದು ಚಹಾದ ಅಂಗಡಿ. ಅಂದು ನಾನು ಬೆರಳು ತೋರಿಸಿದ್ದ ಹೆಂಗಸು ಹಣ್ಣುಹಣ್ಣು ಮುದುಕಿ, ಬೆನ್ನು ಬಾಗಿತ್ತು. ಅಂಗಡಿಯ ಪಕ್ಕದಲ್ಲಿ ಭಾವ ಕುಳಿತು ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದ. ಎಡಗಾಲು ಮೊಣಕಾಲಿನ ಕೆಳಗೆ ಸೊಟ್ಟಗೆ ತಿರುಗಿತ್ತು. ಮೂಟೆ ಬಿದ್ದು ಮುರಿದದ್ದಂತೆ. ಆ ಮುದುಕಿ ಅವನನ್ನು ತನ್ನಲ್ಲೇ ಇಟ್ಟುಕೊಂಡು ನೋಡಿಕೊಂಡಿದ್ದಳು. ಘಟ್ಟ ಹತ್ತಲಾರದವನು, ಹೇಳಿಕಳಿಸಲು ದೊಡ್ಡಯ್ಯನ ಗಾಡಿಯವರ ಹತ್ತಿರ ಹೋಗಲೂ ಮುಖವಿಲ್ಲದವನು, ಕಡವಿನ ಮುದುಕನಿಗೆ ಒಂದು ಮಾತು ಹೇಳಿಟ್ಟಿದ್ದ. ಪಿರಿಯಾಪಟ್ಟಣದವರು ಯಾರಾದರೂ ನನ್ನನ್ನು ಕೇಳಿಕೊಂಡು ಬಂದರೆ ಆಚೆ ದಡದಲ್ಲಿದ್ದೇನೆ ಅನ್ನು, ಕರೆದುಕೊಂಡು ಬಾ ಎಂದು. ಮುದುಕನ ಆ ನಗು ಅದಕ್ಕೆ. ವರ್ಷಗಟ್ಟಲೆ ಕಾದು ಕೊನೆಗೂ ಒಬ್ಬ ಕೇಳಿಕೊಂಡು ಬಂದನಲ್ಲ ಎಂದು.

"ಬಂದ್ಯಾ?" ಎಂದ ಭಾವ. "ಓದ ಸಲ ದಡದ ತಂಕ ಬಂದು ತಿರುಗ್ಕಂಡೆ. ಕೋಟು ನೋಡೇ ನೀನು ಅಂತ ತಿಳೀತು. ಮರದ ಬುಡದಿಂದ ತೆವುಳ್ಕಂಡು ಬಂದು ಕೂಗ್ದೆ. ಗಾಳಿ ಎದುರಿಗಿತ್ತು, ಕೇಳ್ನಿಲ್ವೇನೋ."

ನಾನು ಹೆಂಡತಿ ಕಟ್ಟಿದ ಗಂಟನ್ನು ಮುಂದಿಟ್ಟೆ. ಯಾಕೆ ಇಟ್ಟೆನೋ ದೇವರಿಗೇ ಗೊತ್ತು. ಇನ್ನೊಂದು ಸುಳ್ಳು ಹೇಳುವ ಹುನ್ನಾರವೇ ಇದ್ದೀತು. ಭಾವನ ಕಣ್ಣು ತುಂಬಿತು. ಗಂಟು ಬಿಚ್ಚಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ನಾಲಿಗೆಯ ಮೇಲೆ ಇಟ್ಟುಕೊಂಡು ಕಾದ. ಆ ಹುಳಿಗೆ ಕಾಯುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು.

"ಇದು ಅವ್ಳ ಕೈದಲ್ಲ," ಎಂದ.

ಆಗ ಹೇಳಿದೆ. ಗಂಟು ತಿಂದದ್ದು, ಬಟ್ಟೆ ಎಸೆದದ್ದು, ಕಡವಿನಲ್ಲಿ ಕೇಳಿದ ಮಾತು, ನಾನು ಮಾಡಿಕೊಂಡ ಅರ್ಥ, ಶ್ರಾವಣದ ಕೂಡಾವಳಿ, ಅಕ್ಕನಿಗೆ ಈಗ ಒಂದು ಹೆಣ್ಣು ಕೂಸು. ಕಾಲು ಹಿಡಿದುಕೊಂಡೆ. ಮುರಿದ ಕಾಲೋ ನೆಟ್ಟಗಿನದೋ ನೋಡಲಿಲ್ಲ. ಅವನು ಬಯ್ಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಹೊಡೆದಿದ್ದರೆ ನಾನು ಇಷ್ಟು ವರ್ಷ ಹೀಗೆ ಇರುತ್ತಿರಲಿಲ್ಲ.

ಭಾವ ಹೊಳೆಯ ಕಡೆ ಮುಖ ತಿರುಗಿಸಿದ. ಆಮೇಲೆ ಕೇಳಿದ. "ಅವ್ನು ಎಂಗೆ? ಒಳ್ಳೇವ್ನಾ?"

"ಒಳ್ಳೇವ್ರು ಭಾವ."

"ಅಂಗಾದ್ರೆ ನಾನು ಸಿಕ್ಕಿದ್ದ ಯೋಳ್ಬ್ಯಾಡ. ಕೂಸು ಕಟ್ಕಂಡು ಅವ್ಳು ಇತ್ಲಾಗೂ ಅತ್ಲಾಗೂ ಇಲ್ದಂಗಾಯ್ತಾಳೆ. ಆಣೆ ಮಾಡು." ಆಣೆ ಮಾಡಿದೆ. ನಾನು ಏಳುವಾಗ ಅವನು ಸ್ವಲ್ಪ ನಕ್ಕ, ನಗಲೇಬೇಕೆಂದು ನಕ್ಕಂತೆ. "ಅಕ್ಕರೆ ಉಂಟು ಅಂತ ಯೋಳ್ದೆ ಅಲ್ವಾ ಅವ್ಳಿಗೆ. ಸುಳ್ಳೇನಲ್ಲ ಬುಡು."

ಊರಿಗೆ ಬಂದವನು ನೇರ ಸರಗೂರಿಗೆ ಹೋದೆ. ಆಣೆ ಮುರಿದು ಹೇಳಿಯೇಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ಅಕ್ಕ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ರಾಗಿ ಹುರಿಯುತ್ತಿದ್ದಳು. ಅವಳ ಗಂಡ ನನ್ನನ್ನು ಕಂಡು ಚಾಪೆ ಹಾಸಿದ, ಮಗುವನ್ನು ಎತ್ತಿಕೊಂಡು ಹೊರಗೆ ಹೋದ. ಒಳ್ಳೆಯವನೇ.

"ತಲಚೇರಿಗೋಗಿದ್ಯಂತೆ. ಕಂಡ್ರಾ?" ಎಂದಳು ಅಕ್ಕ, ಬಾಣಲೆಯಿಂದ ಕಣ್ಣೆತ್ತದೆ.

"ಇಲ್ಲ ಕಣಕ್ಕ."

ಹೊರಡುವಾಗ ಎರಡು ಗಂಟು ಕೊಟ್ಟಳು. ಒಂದು ನನಗೆ. "ಇನ್ನೊಂದ್ಸಲ ಓದಾಗ ಇದ್ನ ಕಡವಿನೋನ ಕೈಲಿ ಕೊಡು, ಅವತ್ತು ಕೊಟ್ಯಲ್ಲ ಅಂಗೆ. ಅವ್ರು ಯಾರ್ಜೊತೆ ಇದ್ರೇನು, ಈ ರುಚಿ ಅಲ್ಲಿ ಯಾರ್ಗೆ ಬರ್ಬೇಕು."

ಅಂದಿನಿಂದ ಪ್ರತಿ ಬೇಸಿಗೆ ಆ ಗಂಟು ಹೊತ್ತೆ. ಮೊದಲು ಗಾಡಿಯಲ್ಲಿ, ಗಾಡಿಯ ಸಾಲು ನಿಂತಮೇಲೆ ಬಸ್ಸಿನಲ್ಲಿ. ದಾರಿಯಲ್ಲಿ ಒಂದು ಚಿಟಿಕೆಯನ್ನೂ ಮುಟ್ಟಿದ್ದಿಲ್ಲ. ಭಾವ ಬಿಚ್ಚಿ ಬಾಯಿಗೆ ಹಾಕಿಕೊಂಡು, ಆ ಹುಳಿ ಸಿಕ್ಕಮೇಲೆ ಕಣ್ಣು ಮುಚ್ಚುತ್ತಿದ್ದ. ನಾವಿಬ್ಬರೂ ಆ ವಿಷಯ ಮಾತಾಡುತ್ತಿರಲಿಲ್ಲ. ನಾನು ಸರಗೂರಿಗೆ ಬಂದಾಗ ಅಕ್ಕ "ತಲುಪ್ತಾ?" ಎನ್ನುತ್ತಿದ್ದಳು. "ತಲುಪ್ತು ಕಣಕ್ಕ," ಎನ್ನುತ್ತಿದ್ದೆ. ಅವಳಿಗೆ ನಾನು ನಿಜ ಹೇಳುತ್ತಿದ್ದದ್ದು ಆ ಒಂದು ಮಾತಿನಲ್ಲಿ ಮಾತ್ರ.

ಈ ಬೇಸಿಗೆ ಹೋದಾಗ ಭಾವ ಇರಲಿಲ್ಲ. ಹೋದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡನಂತೆ, ಹೊಳೆಯ ದಂಡೆಯಲ್ಲೇ ಮಣ್ಣು ಮಾಡಿದ್ದರು. ಚಹಾದ ಅಂಗಡಿಯನ್ನು ಈಗ ನೋಡಿಕೊಳ್ಳುವ ಮುದುಕಿಯ ಮಗಳು ಜಾಗ ತೋರಿಸಿದಳು. ಗಂಟು ಬಿಚ್ಚಿ ಆ ಮಣ್ಣಿನ ಮೇಲೆ ಸುರಿದು, ಬಟ್ಟೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಬಂದೆ.

ಇದನ್ನೆಲ್ಲ ಬರೆದಿಡುತ್ತಿದ್ದೇನೆ. ಅಕ್ಕನಿಗೆ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಬರೆಯುತ್ತಿರುವುದು, ಇದೂ ನನ್ನ ಹೇಡಿತನವೇ. ಮೊನ್ನೆ ಸರಗೂರಿಗೆ ಹೋಗಿದ್ದೆ. ತಲೆ ಬೆಳ್ಳಗಾಗಿದೆ ಅವಳಿಗೆ. ಬಾಗಿಲಲ್ಲೇ ಕೇಳಿದಳು, ತಲುಪ್ತಾ ಎಂದು. ತಲುಪ್ತು ಎಂದೆ. ಬರುವ ಬೇಸಿಗೆಗೆಂದು ಹೊಸ ರಾಗಿಯಲ್ಲಿ ಎರಡು ಸೇರು ಆರಿಸಿ ಆಗಲೇ ತೆಗೆದಿಟ್ಟಿದ್ದಾಳೆ.